ಹೆಗಲಿಗೊಂದು ಸಿಂಬಿ

ನನ್ನ ಬಲ ಹೆಗಲ ಮೇಲೆ ಸೈಕಲ್ಲಿನ ಪೈಪಿನಷ್ಟೇ ಅಗಲದ ನೀಲಿ ಗೆರೆ ಮೂಡಿತ್ತು. ಉಬ್ರಾಣಿ ಕಡೆಯ ಗುಡ್ಡದ ರೇಸಿನಲ್ಲಿ ಕಡಿದಾದ ಏರು ಬಂದರೆ ಸೈಕಲ್ ಹೊತ್ತು ಓಡಬೇಕು. ಮೂರನೇ ಏರಿನಲ್ಲಿ ಇಳಿಸಿ, ರೇಸನ್ನೇ ಬಿಟ್ಟು ಬಂದಿದ್ದೆ. ಸೈಕಲ್ ಮಾರಿಬಿಡುತ್ತೇನೆಂದು ಮನೆಯಲ್ಲಿ ಹೇಳಿಯೂ ಆಗಿತ್ತು.

ಪಕ್ಕದ ಮನೆಯ ಅತ್ತೆ ದಿನವೂ ಎಮ್ಮೆಗೆ ಹುಲ್ಲಿನ ಹೊರೆ ತರುವವರು. ತಲೆಯ ಮೇಲೆ ಹೊರೆ ಇಲ್ಲದಾಗಲೂ ಕತ್ತು ತಿರುಗಿಸದೆ ಕಣ್ಣಷ್ಟೇ ಹೊರಳಿಸುತ್ತಿದ್ದರು. ಗೆರೆ ನೋಡಿ ನಕ್ಕರು.

“ಸಿಂಬಿ ಇಲ್ದೆ ಹೊತ್ತಿಯೇನವ್ವ? ಎಂಎ ಓದಿ ಇಷ್ಟೂ ಗೊತ್ತಿಲ್ಲೇನು?”

“ನಡುವೆ ಇಳಿಸಿಬಿಟ್ಟೆ, ಅತ್ತೆ.”

“ಇಳಿಸಿದ್ರೆ ಏನಾತು? ನಾನು ದಿನಾ ಎರಡು ಕಡೆ ಇಳಿಸ್ತೀನಿ. ತಿರುಗಿ ಹೊರಾಕೆ ಬರ್ಬೇಕಷ್ಟೆ.”

ಹಳೆಯ ಸೀರೆಯ ತುಂಡನ್ನು ಸಿಂಬಿ ಸುತ್ತಿ ನನ್ನ ಹೆಗಲಿಗಿಟ್ಟರು.

ಮರುದಿನ ಬೆಳಿಗ್ಗೆ ಸೈಕಲ್ ಹೊತ್ತು ಅದೇ ಏರು ಹತ್ತಿದೆ. ಮೂರು ಕಡೆ ಇಳಿಸಿದೆ. ನಾಲ್ಕನೆಯ ಸಲ ಹೊತ್ತು ತುದಿ ಮುಟ್ಟಿದೆ.