ಹುಲುಗೇಶನ ಕೊನೆಯ ಸಾಲು

ತೊಂಬತ್ತರ ದಶಕವಿಡೀ ಹಡಗಲಿಯ ಹುಲುಗೇಶ ಪತ್ರಿಕೆಗೆ ಸುದ್ದಿ ಬರೆದವನು. ಸಂಜೆಯ ಬಳ್ಳಾರಿ ಬಸ್ಸಿನ ಡ್ರೈವರ್ ಕೈಗೆ ಸುದ್ದಿಯ ಕವರ್ ಕೊಟ್ಟ ಮೇಲೆಯೇ ಅವನಿಗೆ ಚಹಾ ರುಚಿಸುತ್ತಿತ್ತು. ಕೆಟ್ಟ ರಸ್ತೆಯಾಗಲಿ, ಬಾರದ ಬಸ್ಸಾಗಲಿ, ಸುದ್ದಿಯ ಕೊನೆಯ ಸಾಲು ಮಾತ್ರ ಒಂದೇ: 'ಸಂಬಂಧಪಟ್ಟವರು ಇನ್ನಾದರೂ ಇತ್ತ ಗಮನ ಹರಿಸುವರೇ?' ಯಾರೂ ಹರಿಸುತ್ತಿರಲಿಲ್ಲ. ಆ ಸಿಟ್ಟಿಗೇ ಎರಡು ಸಾವಿರದ ಇಸವಿಯಲ್ಲಿ ಜಿಲ್ಲಾ ಪಂಚಾಯಿತಿ ಚುನಾವಣೆಗೆ ನಿಂತ. ಅವನ ಸುದ್ದಿ ಓದಿದವರು, ಓದಿಸಿ ಕೇಳಿದವರು ಸೇರಿ ಗೆಲ್ಲಿಸಿಯೂ ಬಿಟ್ಟರು.

ಗೆದ್ದ ಮೇಲೆ ಮೊದಲ ಸನ್ಮಾನ ಹೊಳೆದಂಡೆಯ ಒಂದು ಹಳ್ಳಿಯಲ್ಲಿ. ಅಲ್ಲಿನ ಆಸ್ಪತ್ರೆಗೆ ಸದಾ ಬೀಗ. ಅದರ ಬಗ್ಗೆ ಅವನು ಎಷ್ಟೋ ಸಲ ಬರೆದಿದ್ದ. ಹಾರ ತೆಗೆದಿಟ್ಟು ಮೈಕ್ ಹಿಡಿದ. ನರ್ಸ್ ಇಲ್ಲದ್ದು, ಹೆರಿಗೆ ನೋವಿನ ಹೆಂಗಸರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದ. ಮಾತಿನ ಕಾವಿನಲ್ಲಿ ಕೊನೆಗೆ ಬಾಯಿಗೆ ಬಂದದ್ದು ಅದೇ ಸಾಲು:

"ಸಂಬಂಧಪಟ್ಟವರು ಇನ್ನಾದರೂ ಇತ್ತ ಗಮನ ಹರಿಸುವರೇ?"

ಜೋರು ಚಪ್ಪಾಳೆ ಬಿತ್ತು. ಸೊಸೆಯನ್ನು ಹಾಗೆ ಟ್ರ್ಯಾಕ್ಟರಿನಲ್ಲಿ ಕರೆದೊಯ್ದಿದ್ದ ಗಿಡ್ಡಮ್ಮ ಮಾತ್ರ ಚಪ್ಪಾಳೆ ತಟ್ಟದೆ ಎದ್ದು ನಿಂತಳು.

"ಯಪ್ಪಾ ಹುಲುಗೇಶ, ಯಾರನ್ನ ಕೇಳಾಕತ್ತಿ? ಈಗ ಸಂಬಂಧಪಟ್ಟವ ಅಂದ್ರ ನೀನ ಅಲ್ಲೇನು?"

ಸಭೆ ಗೊಳ್ಳೆಂದು ನಕ್ಕಿತು. ಹುಲುಗೇಶನಿಗೆ ನಗು ಬರಲಿಲ್ಲ. ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಹೋದ ಕೈ ಅಲ್ಲೇ ನಿಂತಿತು. ಮೈಕ್ ಕೆಳಗಿಟ್ಟು ವೇದಿಕೆ ಇಳಿದವನು ಗಿಡ್ಡಮ್ಮನ ಮುಂದೆ ಬಂದು ಮೆಲ್ಲಗೆ ಕೇಳಿದ:

"ಯವ್ವಾ, ಆ ಬೀಗದ ಕೀಲಿ ಯಾರ ಹತ್ರ ಐತಿ?"