ಚೀಲವಿಲ್ಲದೆ ಹೋದ ಮಧ್ಯಾಹ್ನ

ಹುಬ್ಬಳ್ಳಿಯ ನಮ್ಮ ಚರ್ಚಿನ ಧರ್ಮಕೇಂದ್ರದಲ್ಲಿ ನನಗಿಂತ ನನ್ನ ಚೀಲಕ್ಕೇ ಹೆಚ್ಚು ಹೆಸರು. ಕಪ್ಪು ಚರ್ಮದ ಸಣ್ಣ ಚೀಲ. ಒಳಗೆ ರೋಗಿಗಳ ಹಣೆಗೆ ಹಚ್ಚುವ ಪವಿತ್ರ ತೈಲದ ಡಬ್ಬಿ, ಪ್ರಾರ್ಥನೆಯ ಪುಸ್ತಕ. ತೈಲ ಹಚ್ಚುವುದು ರೋಗಿಗೆ ಬಲ ಬರಲೆಂದು, ಗುಣವಾಗಿ ಎದ್ದು ಓಡಾಡಿದವರೂ ಇದ್ದಾರೆ ಎಂದು ಇಪ್ಪತ್ತು ವರ್ಷದಿಂದ ಭಾನುವಾರದ ಪ್ರಸಂಗದಲ್ಲಿ ಗಂಟಲು ಹರಿದುಕೊಂಡಿದ್ದೇನೆ. ಕೇಳುವವರು ಯಾರು? ಫಾದರ್ ಚೀಲ ಹಿಡಿದು ಬಂದರೆಂದರೆ ಮನೆಯಲ್ಲಿ ಹೆಣ ಬಿದ್ದ ಹಾಗೆಯೇ.

ಆ ಬೇಸಿಗೆಯಲ್ಲಿ ಕೇಶ್ವಾಪುರದ ಒಂದೇ ಓಣಿಯ ಮೂರು ಮನೆಗೆ ಹೋದೆ. ಮೂರರಲ್ಲೂ ವಾರ ತುಂಬುವುದರೊಳಗೆ ಸಾವಾಯಿತು. ಮೂವರೂ ತೊಂಬತ್ತರ ಹತ್ತಿರದವರು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೆ. ಓಣಿ ಹಾಗೆ ತಿಳಿಯಲಿಲ್ಲ. ನನ್ನ ಸ್ಕೂಟರ್ ತಿರುಗಿದರೆ ಕಿಟಕಿಗಳು ಮುಚ್ಚುತ್ತಿದ್ದವು. ಓಣಿಯ ಬಾಯಲ್ಲಿ ಗ್ಯಾರೇಜ್ ಇಟ್ಟಿದ್ದ ಸಾಬರು ಕೂಡ ಕೈಯಲ್ಲಿದ್ದ ಪಾನಾ ಕೆಳಗಿಟ್ಟು, "ಫಾದರ್, ಇವತ್ತ ಯಾರ ಮನಿಗ್ರಿ?" ಎಂದು ಮೆಲ್ಲಗೆ ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ಕೆಳಗೆ ಅಂಜಿಕೆಯೂ ಇತ್ತು. ಸ್ನಾನ ಮಾಡುವಾಗ, ತೈಲ ಹಚ್ಚುವ ಹೆಬ್ಬೆರಳನ್ನು ಎರಡೆರಡು ಸಲ ತಿಕ್ಕುತ್ತಿದ್ದೆ.

ನಾಲ್ಕನೆಯ ಕರೆಯೂ ಅದೇ ಓಣಿಯಿಂದ ಬಂತು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಹಾಸಿಗೆ ಹಿಡಿದು ತಿಂಗಳಾಗಿತ್ತು. ಪಾಪನಿವೇದನೆ ಮಾಡಿಕೊಳ್ಳಬೇಕು, ಫಾದರನ್ನು ಕರೆಸು ಎಂದು ಹಟ ಹಿಡಿದಿದ್ದರಂತೆ. ಮೂವತ್ತು ವರ್ಷದಿಂದ ಅವರು ಪಾಪನಿವೇದನೆಗೆ ಬಂದವರಲ್ಲ. ಪ್ರತಿ ಭಾನುವಾರ ಬಲಿಪೂಜೆಗೆ ಬಂದರೂ ಪರಮಪ್ರಸಾದಕ್ಕೆ ಏಳದೆ ಕೊನೆಯ ಬೆಂಚಿನಲ್ಲೇ ಕೂತಿರುತ್ತಿದ್ದರು. ದೊಡ್ಡ ಪಾಪವನ್ನು ನಿವೇದಿಸದೆ ಅದನ್ನು ಸ್ವೀಕರಿಸುವಂತಿಲ್ಲ. ಏನನ್ನೋ ಹೊತ್ತುಕೊಂಡಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಏನೆಂಬುದು ಹೆಂಡತಿಗೂ ಗೊತ್ತಿರಲಿಲ್ಲ.

ಫೋನ್ ಮಾಡಿದವರು ಆ ಹೆಂಡತಿಯೇ. "ಬರ್ರಿ ಫಾದರ್, ಆದ್ರ ಆ ಚೀಲ ತರಬ್ಯಾಡ್ರಿ. ನಿಲುವಂಗೀನೂ ಬ್ಯಾಡ. ಹಂಗ ಮಾತಾಡ್ಸಾಕ ಬಂದಂಗ ಬರ್ರಿ. ನನಗ ಭಾಳ ಅಂಜಿಕಿ ಆಗೇತಿ."

ಒಪ್ಪಿದೆ. ಅಂಗಿ ಪ್ಯಾಂಟು ಹಾಕಿಕೊಂಡು, ಒಂದು ಡಜನ್ ಬಾಳೆಹಣ್ಣು ಹಿಡಿದು ಬೀಗರ ಹಾಗೆ ಹೋದೆ. ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದರು. ನಾನು ಬಿಸಿಲು, ಊಟ, ನಿದ್ದೆ ಎಂದು ಏನೇನೋ ಮಾತಾಡಿದೆ. ಕೊನೆಗೆ ಆಕೆ ಚಹಾ ಮಾಡಲು ಒಳಗೆ ಹೋದರು. ಕೂಡಲೇ ಹಿರಿಯರು ನನ್ನ ಮಣಿಕಟ್ಟು ಹಿಡಿದರು. ಅಷ್ಟು ಬತ್ತಿದ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ.

"ಫಾದರ್, ಲಗೂ ಕೇಳ್ರಿ. ನಂದೊಂದ ಐತಿ."

ಪಾಪನಿವೇದನೆಗೆ ಚೀಲ ಬೇಕಿಲ್ಲ, ತೈಲ ಬೇಕಿಲ್ಲ. ಕೇಳಲು ಒಂದು ಕಿವಿ, ಕ್ಷಮೆಯ ನಾಲ್ಕು ಮಾತು ಇದ್ದರೆ ಸಾಕು. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಅಡುಗೆಮನೆಯಿಂದ ಕಪ್ಪು ಬಸಿಯ ಸದ್ದು ಕೇಳಿತು. ನಾನು ಬಗ್ಗಿ ಶಿಲುಬೆಯ ಗುರುತು ಹಾಕುವುದನ್ನು ಆಕೆ ಕಂಡರೆ ಅಲ್ಲೇ ಕುಸಿದಾರು ಎಂದುಕೊಂಡೆ. ಈ ಮನುಷ್ಯ ನಾಳೆ ಹೋದರೆ ನಾಲ್ಕನೆಯದೂ ನನ್ನ ತಲೆಗೇ ಬಂದೀತು ಎಂದೂ ಅಂದುಕೊಂಡೆ. ಖರೆ ಹೇಳಬೇಕೆಂದರೆ, ನನ್ನನ್ನು ತಡೆದದ್ದು ಈ ಎರಡನೆಯದೇ.

"ಇವತ್ತ ಬ್ಯಾಡ್ರಿ, ಹಿರಿಯಾರ. ನಾಳೆ ಮುಂಜಾನೆ ಬರ್ತೇನಿ. ಸಾವಕಾಶ ಮಾಡೂಣು," ಅಂದೆ.

ಅವರು ಕೈ ಬಿಟ್ಟು ಗೋಡೆಯ ಕಡೆ ಹೊರಳಿದರು. ಚಹಾ ಬಂದಾಗಲೂ ತಿರುಗಲಿಲ್ಲ.

ಸಂಜೆ ಐದಕ್ಕೆ ಫೋನ್ ಬಂತು. ಚೀಲ ಹಿಡಿದು ಓಡಿದೆ. ಹೋಗುವಷ್ಟರಲ್ಲಿ ಗದ್ದಕ್ಕೆ ಬಟ್ಟೆ ಕಟ್ಟಿದ್ದರು.

ಮಣ್ಣು ಮುಗಿದ ಮೇಲೆ ಆಕೆ ನನ್ನನ್ನು ಪಕ್ಕಕ್ಕೆ ಕರೆದರು. "ನಾ ಚಹಾ ಮಾಡಾಕ ಹೋದಾಗ ನಮ್ಮ ಮನಿಯವರು ಎಲ್ಲಾ ಹೇಳ್ಕೊಂಡ್ರಲ್ರಿ, ಫಾದರ್? ನಾ ಬೇಕಂತನ ತಡಾ ಮಾಡಿದ್ನಿ. ಚಹಾ ಆಗಿದ್ರೂ ಸುಮ್ನ ಒಲಿ ಮುಂದ ನಿಂತಿದ್ನಿ."

ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದ್ದು ಬೇರೆ. "ಅವ್ವಾರ, ಪಾಪನಿವೇದನಿ ಮಾತು ನಾವು ಹೊರಗ ಹೇಳೂ ಹಂಗಿಲ್ರಿ." ಅದರ ಗುಟ್ಟನ್ನು ಪ್ರಾಣ ಹೋದರೂ ಕಾಯುವುದು ಪಾಪ ಕೇಳಿದ ಗುರುವಿನ ಧರ್ಮ. ನಾನು ಕಾಯ್ದದ್ದು, ನಡೆಯದೇ ಹೋದ ನಿವೇದನೆಯ ಗುಟ್ಟನ್ನು. ಆಕೆ ಕಣ್ಣೊರೆಸಿಕೊಂಡು ನನ್ನ ಕೈಗೆ ಮುತ್ತಿಟ್ಟರು. ನಾಚಿಕೆಯಿಂದ ಸತ್ತು ಹೋದಂತಾಯಿತು.

ಧಾರವಾಡದ ಹಿರಿಯ ಗುರುಗಳೊಬ್ಬರ ಹತ್ತಿರ ಈ ಪಾಪ ಹೇಳಿಕೊಂಡೆ. ಕ್ಷಮೆ ಕೊಟ್ಟರು. "ಆ ತಾಯಿಗೆ ಖರೇ ಹೇಳಿಬಿಡ್ರಿ" ಎಂದೂ ಹೇಳಿದರು. ಐದು ವರ್ಷವಾಯಿತು, ನನಗೆ ಬಾಯಿ ಬಂದಿಲ್ಲ.

ಈಗ ಆಕೆಯೂ ಹಾಸಿಗೆ ಹಿಡಿದಿದ್ದಾರೆ. ಈ ಸೋಮವಾರ ತಾವೇ ಫೋನ್ ಮಾಡಿದ್ದರು. ದನಿ ತಣ್ಣಗಿತ್ತು. "ಫಾದರ್, ನನ್ನ ಪಾಳೀನೂ ಬಂತು ನೋಡ್ರಿ. ಈಗ ನನಗೇನೂ ಅಂಜಿಕಿ ಇಲ್ಲ. ನಮ್ಮ ಮನಿಯವರಿಗೆ ಮಾಡಿದಂಗ ನನಗೂ ಮಾಡ್ರಿ."

ಆಗಲ್ರಿ, ಬರ್ತೇನಿ ಅಂದೆ. ಇವತ್ತು ಶುಕ್ರವಾರ. ನಾನಿನ್ನೂ ಹೋಗಿಲ್ಲ.