ಖಲಂದರನ ಜಾಲಿ

ಭಾಗ್ಯನಗರದಲ್ಲಿ ನನ್ನ ಹಿಟ್ಟಿನ ಗಿರಣಿಯ ಎದುರಿಗೇ ಖಲಂದರನ ವೆಲ್ಡಿಂಗ್ ಅಂಗಡಿ. ಕಿಟಕಿಗೆ, ಗೇಟಿಗೆ ಕಬ್ಬಿಣದ ಜಾಲಿ ಮಾಡುತ್ತಾನೆಂದು ಊರವರು ಅವನನ್ನು ಜಾಲಿ ಖಲಂದರ ಎನ್ನುತ್ತಾರೆ. ಅವನು ಮಾತ್ರ ತನ್ನನ್ನು ಕಲಾವಿದ ಎಂದು ತಿಳಿದಿದ್ದಾನೆ. ಈ ಕಾಯಿಲೆ ಅವರ ವಂಶದಲ್ಲಿರಲಿಲ್ಲ. ಅವರಪ್ಪ ಹೈದರಸಾಬ ಜೀವಮಾನವಿಡೀ ತಗಡಿನ ಟ್ರಂಕು ಮಾಡಿ ನೆಮ್ಮದಿಯಾಗಿ ಸತ್ತ. ಒಂದು ದಿನವೂ ಟ್ರಂಕಿನ ಮುಂದೆ ನಿಂತು ನಿಟ್ಟುಸಿರು ಬಿಟ್ಟವನಲ್ಲ.

ಕಾಯಿಲೆಯ ಮೂಲ ಮನೆಯ ಹಿತ್ತಲು. ಖಲಂದರನ ಹೆಂಡತಿ ಮೆಹಜಬೀನ ಹಳೆಯ ಪೇಂಟಿನ ಡಬ್ಬಿಗಳಲ್ಲಿ ಪುದಿನ, ಮಲ್ಲಿಗೆ ಬೆಳೆಸಿದ್ದಾಳೆ, ಗೋಡೆಗೆ ತಂತಿ ಕಟ್ಟಿ ಹೀರೆಬಳ್ಳಿ ಹಬ್ಬಿಸಿದ್ದಾಳೆ. ಅಡುಗೆಗೆ, ಮುಡಿಗೆ ಎಂದು ಬೆಳೆಸಿದ್ದು. ಇವನು ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಹೀರೆಬಳ್ಳಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತನೆಂದರೆ ಚಹಾ ಆರಿ ನೀರಾಗುತ್ತಿತ್ತು.

"ಅಣ್ಣಾ, ಈ ಕುಡಿಗೆ ಕಣ್ಣಿಲ್ಲ, ಕೈಯಿಲ್ಲ. ತಂತಿ ಎಲ್ಲೈತಿ ಅಂತ ಇದಕ್ಕ ಯಾರು ಹೇಳ್ತಾರ?" ಎಂದು ನನ್ನನ್ನು ಕೇಳುತ್ತಿದ್ದ.

ಜೋಳ ಬೀಸುವವನಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? "ನಿನಗ ಗಿರಾಕಿ ಎಲ್ಲೈತಿ ಅಂತ ಯಾರೂ ಹೇಳಿಲ್ಲಲ್ಲ, ಅದನ್ನ ಹುಡುಕು," ಎನ್ನುತ್ತಿದ್ದೆ.

ಮೆಹಜಬೀನ ಒಮ್ಮೆ ಗೋಧಿ ಬೀಸಲು ತಂದವಳು ಹೇಳಿದಳು: "ಅಣ್ಣಾರ, ನನ್ನ ಬಳ್ಳಿ ನೋಡಿದ್ರಾಗ ಕಾಲುಭಾಗ ನನ್ನ ಮಾರಿ ನೋಡಿದ್ರ ಸಾಕಿತ್ರಿ."

ಗಿರಾಕಿಗಳಿಗೇನು ಕೊರತೆಯಿರಲಿಲ್ಲ. ಆದರೆ ಬಂದವರೆಲ್ಲ ಕೇಳುವುದು ನವಿಲು. ಗೇಟಿಗೆ ಜೋಡಿ ನವಿಲು, ಕಿಟಕಿಗೆ ಒಂಟಿ ನವಿಲು. ಖಲಂದರ ಬಳ್ಳಿಯ ಮಾತೆತ್ತಿದರೆ, "ಬಳ್ಳಿ ಹಿತ್ತಲದಾಗ ಐತ್ರಿ, ನವಿಲು ಮಾಡ್ರಿ," ಎನ್ನುವರು. ಹೊಸ ಬಡಾವಣೆಗಳ ಗೇಟುಗಳಲ್ಲಿ ಅವನ ನವಿಲುಗಳು ನಿಂತೇ ಇವೆ. ಅವುಗಳ ಕಣ್ಣು ತಪ್ಪಿಸಿ ಅವನು ಆ ಕಡೆ ಸೈಕಲ್ಲು ಹೊಡೆಯುತ್ತಿದ್ದ.

ಇಷ್ಟರಲ್ಲಿ ಮೆಹಜಬೀನಳ ತಮ್ಮ ಶಾನವಾಜ ಗಂಗಾವತಿಯಲ್ಲಿ ಲೇಸರ್ ಮಷೀನು ಹಾಕಿದ. ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿ ಗುಂಡಿ ಒತ್ತಿದರೆ ತಗಡು ಹಾಗೇ ಕತ್ತರಿಸಿ ಬೀಳುತ್ತದೆ. ಗುಂಡಿ ಒತ್ತಲು ನಂಬಿಕೆಯ ಮನುಷ್ಯ ಬೇಕಿತ್ತು, ಭಾವನೇ ಬರಲಿ ಎಂದು ಹೇಳಿ ಕಳಿಸಿದ. ಖಲಂದರನ ಮುಖ ಸತ್ತವರ ಮನೆಯಂತಾಯಿತು. ಕೊನೆಗೆ ಮೆಹಜಬೀನಳೇ ನನ್ನೆದುರು ತೀರ್ಪು ಕೊಟ್ಟಳು: "ಒಂದು, ಒಂದೇ ಒಂದು, ನಿಮ್ಮ ಮನಸಿನ ಜಾಲಿ ಮಾಡ್ರಿ. ಯಾರರ ಒಯ್ದು ಹಾಕ್ಕೊಂಡ್ರ ಅಂಗಡಿ ಇರ್ಲಿ. ವಾಪಸ್ ಬಂತಂದ್ರ ಬಾಯಿ ಮುಚ್ಚಿ ಗಂಗಾವತಿಗೆ ಹೋಗೂದು. ಮುದಿಯಪ್ಪಣ್ಣಾರ ಸಾಕ್ಷಿ."

ಸಾಕ್ಷಿಯಾದ ತಪ್ಪಿಗೆ ನಾನೇ ಗಿರಾಕಿಯನ್ನೂ ಹುಡುಕಬೇಕಾಯಿತು. ನನ್ನ ತಂಗಿಯ ಮಗ ಶರಣಬಸವ ಕುಷ್ಟಗಿ ಬಿಟ್ಟು ಸಾಣಾಪುರದಲ್ಲಿ ಪ್ರವಾಸಿಗರಿಗೆ ಹೋಮ್‌ಸ್ಟೇ ಮಾಡಿದ್ದಾನೆ. ದೂರದಿಂದ ಡಿಸೈನರ್ ಕರೆಸಿ, ನಾಲಿಗೆ ಹೊರಳದ ಹೆಸರಿನ ಗಿಡಗಳನ್ನು ನೆಡಿಸಿ, ಒಂದು ತೋಟವನ್ನೂ ಮಾಡಿಸಿದ್ದ. ಸುತ್ತ ಬಂಡೆಗಳಿದ್ದವು, ಎರಡು ಬಂಡೆಗಳ ನಡುವೆ ಮಾತ್ರ ಒಂದು ಸಂದು. ಆ ಸಂದಿಯಿಂದ ಊರ ಆಡುಗಳು ದಿನಾ ಬಂದು ಡಿಸೈನನ್ನು ಮೇಯುತ್ತಿದ್ದವು.

"ಮಾಮಾ, ಜಾಲಿ ಹಾಕೋರು ಯಾರರ ಅದಾರೇನ್ರಿ?" ಎಂದು ಫೋನು ಮಾಡಿದ.

ಅವನು ಕೇಳಿದ್ದು ಜಾಲಿ ಮುಳ್ಳು. ಜಾಲಿಕಂಟಿ ಕಡಿದು ತಂದು ಸಂದಿಗೆ ತುರುಕುವ ಕೂಲಿಯವರು ಬೇಕಿತ್ತು. ಕುಷ್ಟಗಿಯ ಹೊಲದಲ್ಲಿ ಹುಟ್ಟಿದವನಿಗೆ ಜಾಲಿ ಎಂದರೆ ಅದೇ. ನನಗೂ ಅದೇ ಆಗಬೇಕಿತ್ತು. ಆದರೆ ಇಷ್ಟು ವರ್ಷ ಖಲಂದರನ ಎದುರು ಕೂತು ನನ್ನ ಕನ್ನಡ ಕೆಟ್ಟಿತ್ತು. ಅವನ ಮನೆಮಾತಿನಲ್ಲಿ ಜಾಲಿ ಎಂದರೆ ಕಿಂಡಿಕಿಂಡಿಯ ಪರದೆ. ನಾನು ರಸ್ತೆ ದಾಟಿ ಫೋನನ್ನು ಅವನ ಕೈಗೆ ಕೊಟ್ಟೆ.

"ಜಾಲಿ ಎಂಥಾದ್ದು ಬೇಕ್ರಿ?" ಖಲಂದರ ಕೇಳಿದ.

"ಸಂದು ಐದಡಿ ಅಗಲ, ಆಳೆತ್ತರ ಐತ್ರಿ. ದಟ್ಟ ಇರಬೇಕ್ರಿ. ಆಡಿನ ಮೂತಿ ತೂರಬಾರದು. ಇಲ್ಲೇ ಹುಟ್ಟಿ ಬೆಳದಂಗ ಕಾಣಬೇಕು, ಟೂರಿಸ್ಟ್ ಬರ್ತಾರ."

"ಡಿಸೈನ್?"

ಆ ಕಡೆ ಶರಣಬಸವ ನಕ್ಕ. "ಜಾಲಿಗೆ ಎಂಥಾ ಡಿಸೈನ್ರಿ ಮಿಸ್ತ್ರಿ? ನಿಮ್ಮ ಮನಸಿಗೆ ಬಂದಂಗ ಮಾಡ್ರಿ. ಮುಳ್ಳು ಚೂಪಿದ್ರ ಸಾಕು."

ಖಲಂದರ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸು ಕೊಟ್ಟ. ಅವನ ಕಣ್ಣಲ್ಲಿ ನೀರಿತ್ತು. ವೆಲ್ಡಿಂಗ್ ಮಾಡುವವರ ಕಣ್ಣಲ್ಲಿ ನೀರು ಇದ್ದೇ ಇರುತ್ತದೆ, ನಾನು ಹೆಚ್ಚು ವಿಚಾರಿಸಲಿಲ್ಲ.

ಆಮೇಲೆ ಅಂಗಡಿಯಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಸರಳು ಕಾಯಿಸಿ ಬಳ್ಳಿ ಬಾಗಿಸಿದ, ತಗಡು ಬಡಿದು ಎಲೆ ಮಾಡಿದ. ಒಂದೊಂದು ಎಲೆಯನ್ನೂ ಹಿತ್ತಲಿಗೆ ಒಯ್ದು ನಿಜವಾದ ಎಲೆಯ ಪಕ್ಕ ಹಿಡಿದು ನೋಡುವನು. ಹುಳ ತಿಂದ ತೂತು ಸಹ ಬಿಡಲಿಲ್ಲ. ಮುಳ್ಳು ಬೇಕೆಂದಿದ್ದರಲ್ಲ, ಹೀರೆಗೆ ಮುಳ್ಳಿಲ್ಲವೆಂದು ಎರಡು ದಿನ ಊಟ ಬಿಟ್ಟು, ಕೊನೆಗೆ ಬಳ್ಳಿಯನ್ನು ಒಂದು ಮುಳ್ಳುಕಂಟಿಯ ಮೇಲೆ ಹಬ್ಬಿಸಿದ. ಮುಗಿದ ಮೇಲೆ ನೋಡಿದೆ. ಚೆನ್ನಾಗಿತ್ತು. ಭಾಳ ಚೆನ್ನಾಗಿತ್ತು ಎಂದು ನನಗೆ ಅನಿಸಿತು, ಆದರೆ ಹೇಳಲಿಲ್ಲ, ಮೊದಲೇ ತಲೆ ತಿರುಗಿದವನು.

ಟೆಂಪೋದಲ್ಲಿ ಹೇರಿಕೊಂಡು ಇಬ್ಬರೂ ಹೋದೆವು. ಹುಲಿಗಿಯ ಹತ್ತಿರ ಟೆಂಪೋ ನಿಲ್ಲಿಸಿ ಗುಡಿಯ ಅಮ್ಮನಿಗೆ ಕಾಯಿ ಒಡೆಸಿದ್ದು ನಾನಲ್ಲ, ಅವನೇ.

ಸಾಣಾಪುರದಲ್ಲಿ ಶರಣಬಸವ ಕೂಲಿಯಾಳು ಯಮನೂರನಿಗೆ ಕೊಡಲಿ ಕೊಟ್ಟು, ಮುಳ್ಳಿನ ಗಾಡಿಗೆ ಕಾಯುತ್ತಾ ನಿಂತಿದ್ದ.

"ಜಾಲಿ ಎಲ್ರಿ?" ಎಂದ.

"ಇದ ರೀ ಜಾಲಿ."

"ಇದು ಕಬ್ಬಿಣ ಐತಲ್ರಿ."

"ಕಟ್ಟಿಗಿ ಜಾಲಿ ಮಳಿಗೆ ತಡ್ಯಾಂಗಿಲ್ರಿ ಸಾಹುಕಾರ್ರ."

"ಕಟ್ಟಿಗಿ ಅಲ್ರಿ, ಮುಳ್ಳು! ಮಾಮಾ, ನಾ ಕೇಳಿದ್ದು ಜಾಲಿಕಂಟಿ ರೀ."

ಆಗ ಮೂವರಿಗೂ ಒಟ್ಟಿಗೇ ತಿಳಿಯಿತು. ಗಂಗಾವತಿಯ ಗುಂಡಿ ಖಲಂದರನ ಬೆರಳ ತುದಿಗೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ಟೆಂಪೋದಿಂದ ಇಳಿಸಿದ ಜಾಲಿಯನ್ನು ಯಮನೂರ ಸುಮ್ಮನೆ ಆ ಸಂದಿಗೇ ಆನಿಸಿ ಇಟ್ಟ, ಬೇರೆ ಜಾಗವಿರಲಿಲ್ಲ.

ಅಷ್ಟರಲ್ಲಿ ಆಡುಗಳ ಹೊತ್ತಾಗಿತ್ತು. ಎಲ್ಲಕ್ಕೂ ಮುಂದಿದ್ದ ಆಡು ರೂಢಿಯಂತೆ ಸಂದಿಗೆ ಬಂದು, ಎದುರಿಗಿದ್ದ ಹೀರೆ ಎಲೆಗೆ ಬಾಯಿ ಹಾಕಿತು. ಎಳೆಯಿತು. ಬಿಟ್ಟು ಪಕ್ಕದ ಎಲೆ ಕಚ್ಚಿತು. ನಮ್ಮ ಮುಖ ಒಮ್ಮೆ ನೋಡಿ, ಮೋಸಹೋದ ಹಿರಿಯರ ಹಾಗೆ ತಿರುಗಿ ನಡೆಯಿತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಇದನ್ನೂ ಮುಟ್ಟಿತು, ತಿನ್ನಲಾಗಲಿಲ್ಲ ಅಷ್ಟೇ.

ಶರಣಬಸವ ಹೊಟ್ಟೆ ಹಿಡಿದು ನಕ್ಕ. ನಕ್ಕು ಸುಸ್ತಾದ ಮೇಲೆ, "ಇರ್ಲಿ ಬಿಡ್ರಿ, ಹಾಕ್ರಿ," ಎಂದ. ಹೀಗೆ ಖಲಂದರನ ಕಲೆಗೆ ಮೊದಲ ಮೆಚ್ಚುಗೆ ಆಡಿನಿಂದ ಬಂತು, ಅಂಗಡಿ ಉಳಿಯಿತು.

ಪ್ರವಾಸಿಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು. ಇದೇನೆಂದು ಕೇಳಿದವರಿಗೆ ನನ್ನ ಸೋದರಳಿಯ, "ಆನೆಗುಂದಿ ಅರಸರ ಕಾಲದ ಕಲಾ," ಎನ್ನುತ್ತಾನಂತೆ. ಭಾಗ್ಯನಗರದ ವೆಲ್ಡಿಂಗ್ ಎಂದರೆ ಯಾರು ಫೋಟೋ ತೆಗೆಯುತ್ತಾರೆ? ಆ ಫೋಟೋ ಶಾನವಾಜನ ಮೊಬೈಲಿಗೂ ಹೋಯಿತು. ಅವನು ಅದರಲ್ಲಿ ಒಂದು ಎಲೆ ಆರಿಸಿ, ಹುಳದ ತೂತು ಮುಚ್ಚಿ, ಮಷೀನಿಗೆ ಹಾಕಿದ. ಈಗ ಗಂಗಾವತಿಯ ಗೇಟುಗಳಲ್ಲೆಲ್ಲ ಅದೇ ಎಲೆ.

ಹೋದ ತಿಂಗಳು ಯಲಬುರ್ಗಾದಿಂದ ಪಾರ್ವತೆಮ್ಮ ಎಂಬ ಟೀಚರು ಖಲಂದರನ ಅಂಗಡಿಗೆ ಬಂದರು. ಮೊಬೈಲು ತೋರಿಸಿದರು. ಸಾಣಾಪುರದ ಜಾಲಿಯೇ.

"ನಾ ಕೈಲೆ ಮುಟ್ಟಿ ನೋಡೇನ್ರಿ. ಈ ಕುಡಿ ನೋಡ್ರಿ, ಹಿಡಕೊಳ್ಳಾಕ ಏನರ ಸಿಗತೈತೇನು ಅಂತ ಹುಡುಕಾಕ ಹತ್ತೇತಿ. ಎಲಿಯಾಗ ಹುಳದ ತೂತು ಸುದ್ದಾ ಬಿಟ್ಟಿಲ್ಲ. ಮಾಡಿದಾಂವ ಎಷ್ಟು ದಿನ ಬಳ್ಳಿ ನೋಡಿರಬೇಕು. ಹಿಂಗ ಮಾಡಾಕ ನಿಮಗ ಬರತೈತೇನ್ರಿ?"

ಖಲಂದರ ಕೈಯೊರೆಸಿಕೊಳ್ಳುತ್ತಾ ನಿಂತೇ ಇದ್ದ. ನನಗೆ ತಡೆಯಲಾಗಲಿಲ್ಲ. ಗಿರಣಿಯಿಂದಲೇ ಕೂಗಿ ಹೇಳಿದೆ: "ಅಕ್ಕಾರ, ಅದನ್ನ ಮಾಡಿದಾಂವ ಇವನ ರೀ."

ಪಾರ್ವತೆಮ್ಮ ಅವನನ್ನು ನೋಡಿದರು. ಅಂಗಡಿಯ ಹೊಗೆ ಹಿಡಿದ ಗೋಡೆ ನೋಡಿದರು, ಮೂಲೆಗೆ ಒರಗಿದ ಅರ್ಧ ನವಿಲು ನೋಡಿದರು. ಮೊಬೈಲನ್ನು ಚೀಲದಲ್ಲಿಟ್ಟರು.

"ಅರಸರ ಕಾಲದ್ದು ಅಂದಿದ್ರಲ್ರಿ," ಎಂದರು. "ಇರ್ಲಿ ಬಿಡ್ರಿ, ಗಂಗಾವತ್ಯಾಗ ಅಸಲಿ ಮಾಡ್ತಾರಂತ, ಅಲ್ಲೇ ಕೇಳ್ತೀನಿ."

ಅವರು ಹೋದ ಮೇಲೆ ಖಲಂದರ ರಸ್ತೆ ದಾಟಿ ಬಂದು ನನ್ನ ಜೋಳದ ಚೀಲದ ಮೇಲೆ ಕೂತ. ಗಿರಾಕಿ ಕಳೆದೆ ಎಂದು ಬೈಯುತ್ತಾನೆಂದುಕೊಂಡೆ. ನಿಜ ಹೇಳಿದ್ದರಲ್ಲಿ ನನ್ನದೇನು ತಪ್ಪು ಎಂಬ ಉತ್ತರವೂ ಸಿದ್ಧವಿತ್ತು. ಅವನು ಬೈಯಲಿಲ್ಲ.

"ಇನ್ನೊಂದು ಗಳಿಗಿ ಸುಮ್ಮನಿದ್ದಿದ್ರ," ಎಂದ, "ಆಕಿ ಇನ್ನೂ ಏನೇನೋ ಹೇಳ್ತಿದ್ಲಲ್ಲ ಅಣ್ಣಾ."